ನಾನು ಎಪ್ಪತ್ತೆಂಟು ಎಂದು ಬರೆದ ವರ್ಷ

ಮೊನ್ನೆ ಅತ್ತೆ ಉಸಳಿ ಮಾಡಬೇಕೆಂದು ಮಡಕಿ ಕಾಳು ನೆನೆಹಾಕಿ, ಹಸಿ ಅರಿವೆಯಲ್ಲಿ ಕಟ್ಟಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟಿದ್ದರು. ಮರುದಿನ ಬೆಳಿಗ್ಗೆ ಗಂಟು ಬಿಚ್ಚಿದ ಕೂಡಲೇ ಆ ವಾಸನೆ ಬಂತು. ಒದ್ದೆ ಬಟ್ಟೆ, ಉಬ್ಬಿದ ಕಾಳು, ಆಗಷ್ಟೇ ಒಡೆದ ಮೊಳಕೆ ಎಲ್ಲ ಕೂಡಿದ ವಾಸನೆ. ಬೇರೆಯವರಿಗೆ ಹಸಿವು ಆದೀತು, ನನಗೆ ಆ ವರ್ಷ ನೆನಪಾಗುತ್ತದೆ. ಅತ್ತೆ ಉಳ್ಳಾಗಡ್ಡಿ ಹೆಚ್ಚುವಷ್ಟರಲ್ಲಿ ನಾನು ತಾಟಿನ ಮುಂದೆ ಕೂತು ಮೊಳೆತದ್ದೆಷ್ಟು, ಮೊಳೆಯದ್ದೆಷ್ಟು ಅಂತ ಬೇರೆ ಬೇರೆ ಮಾಡುತ್ತಿದ್ದೆ. ತಿನ್ನುವ ಕಾಳು ಎಣಿಸಿ ಏನು ಮಾಡುತ್ತೀ ಎಂದು ಅವರು ನಕ್ಕರು. ಅವರು ಹೇಳಿದ್ದು ಖರೆ. ಆದರೆ ಎಣಿಸುವ ಚಟ ಹೋಗಿಲ್ಲ, ಅದರ ಜೊತೆಗೆ ಅಂಟಿಕೊಂಡು ಬಂದ ಅಂಜಿಕೆಯೂ ಹೋಗಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ನಮ್ಮ ಮನೆ ಬಸವಕಲ್ಯಾಣದಲ್ಲಿ. ನಾನು ದಿನಾ ಹೈವೇ ಮೇಲಿನ ಬಂಗ್ಲಾ ಕ್ರಾಸಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ, ಹುಮನಾಬಾದಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಊರ ಹೊರಗೆ ರೋಡಿನ ಬದಿಗೆ ಒಂದು ಬೀಜದ ಕಾರ್ಖಾನೆ. ಅಲ್ಲಿ ಸೋಯಾ, ತೊಗರಿ ತಂದು, ಸೋಸಿ, ಬಣ್ಣದ ಔಷಧಿ ಹಚ್ಚಿ, ಚೀಲ ತುಂಬಿ ಬಿತ್ತನೆ ಬೀಜ ಅಂತ ಮಾರುತ್ತಿದ್ದರು. ಒಂದೊಂದು ರಾಶಿಗೂ ಒಂದು ನಂಬರು, ಅದನ್ನೇ ಚೀಲದ ಮೇಲೆ ಒತ್ತುತ್ತಿದ್ದರು. ಕೃಷಿ ಡಿಪ್ಲೊಮಾ ಮುಗಿಸಿದ್ದ ನನಗೆ ಅಲ್ಲಿ ಮೊಳಕೆ ಎಣಿಸುವ ಕೆಲಸ. ಒದ್ದೆ ಹಾಳೆಯ ಮೇಲೆ ನೂರು ಕಾಳು ಸಾಲಾಗಿ ಇಟ್ಟು, ಮೇಲೊಂದು ಒದ್ದೆ ಹಾಳೆ ಹೊದಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ, ಪೆಟ್ಟಿಗೆಯಲ್ಲಿ ನಿಲ್ಲಿಸಬೇಕು. ಸೋಯಾ ಆದರೆ ಎಂಟನೆಯ ದಿನ ಬಿಚ್ಚಿ ಎಣಿಸಬೇಕು. ನೂರಕ್ಕೆ ಎಪ್ಪತ್ತಾದರೂ ನೆಟ್ಟಗೆ ಮೊಳೆತರೆ ಅದು ಬೀಜ. ಅದಕ್ಕಿಂತ ಕಡಿಮೆಯಾದರೆ ಬರೀ ಕಾಳು, ಎಣ್ಣೆ ಗಿರಣಿಗೆ ಹೋಗಬೇಕು.

ಆ ಕೆಲಸದ ಮೇಲೆ ನನಗೆ ಭಾಳ ಅಭಿಮಾನ ಇತ್ತು. ಸೋಯಾ ಬಲು ನಾಜೂಕು. ಚೀಲ ಎತ್ತಿ ಒಗೆದರೆ ಸಾಕು, ಮೇಲೆ ಏನೂ ಕಾಣಿಸದಿದ್ದರೂ ಒಳಗಿನ ಮೊಳಕೆ ಮುರಿದಿರುತ್ತದೆ. ಕೂಸಿನ ಹಾಗೆ ಇಳಿಸಿರಿ ಅಂತ ಹಮಾಲರಿಗೆ ಬೈಯುತ್ತಿದ್ದೆ. ಅವರು ನನಗೆ ಸೂಲಗಿತ್ತಿ ಅಂತ ಹೆಸರಿಟ್ಟಿದ್ದರು. ಗೇಟಿನಲ್ಲಿ ಕಾಲಿಟ್ಟರೆ ಸಾಕು, ಸೂಲಗಿತ್ತಿ ಬಂದಳು ಅಂತ ಅತ್ತಲಿಂದಿತ್ತ ಸುದ್ದಿ ಹೋಗುತ್ತಿತ್ತು. ನಾನು ಸಿಟ್ಟು ಮಾಡಿಕೊಂಡ ಹಾಗೆ ತೋರಿಸುತ್ತಿದ್ದೆ, ಒಳಗೊಳಗೆ ಖುಷಿಯಾಗುತ್ತಿತ್ತು.

ನನ್ನ ತವರು ದುಬಲಗುಂಡಿ. ಅಲ್ಲಿ ಜೂನಿನ ಮಿರಗದ ಮಳೆಗೆ, ಅಂದರೆ ಮೃಗಶಿರಾ ಮಳೆಗೆ, ಮೊದಲು ಪ್ರತಿ ಮನೆಯಲ್ಲೂ ಒಂದು ಪದ್ಧತಿ. ಬಿತ್ತುವ ಬೀಜದಲ್ಲಿ ನೂರು ಕಾಳು ತೆಗೆದು, ಒದ್ದೆ ಗೋಣಿಚೀಲದ ಮೇಲೆ ಹರಡಿ, ಸುತ್ತಿ, ನೆರಳಿಗೆ ಇಟ್ಟು, ನಾಕೈದು ದಿನ ನೀರು ಚಿಮುಕಿಸಿ ಮೊಳಕೆ ನೋಡುವುದು. ನನ್ನದೇ ಕೆಲಸ, ಆದರೆ ಡಿಪ್ಲೊಮಾ ಇಲ್ಲದೆ. ನಾನು ಕಾರ್ಖಾನೆಗೆ ಸೇರಿದ ಮೇಲೆ ಊರಿನವರು ಫೋನ್ ಮಾಡಿ ಯಾವ ನಂಬರಿನ ಚೀಲ ಚಲೋ ಅದ ಅಂತ ಕೇಳುವುದು ಶುರುವಾಯಿತು. ಚೆನ್ನಾಗಿ ಮೊಳೆತ ನಂಬರು ನಾನು ಹೇಳುತ್ತಿದ್ದೆ. ಎರಡು ಮಳೆಗಾಲದಲ್ಲಿ ಗೋಣಿಚೀಲದ ಪದ್ಧತಿ ಊರಲ್ಲಿ ಹೆಚ್ಚುಕಡಿಮೆ ನಿಂತೇ ಹೋಯಿತು. ಸುಜಾತಾ ಎಣಿಸ್ಯಾಳ ಅಂದರೆ ಮುಗಿಯಿತು. ಅದನ್ನು ಕೇಳಿ ಎಷ್ಟು ಉಬ್ಬಿದ್ದೆನೆಂದರೆ, ಈಗ ನೆನೆಸಿಕೊಂಡರೆ ಮೈ ಮುದುಡುತ್ತದೆ.

ಆ ವರ್ಷ ಮೇ ತಿಂಗಳಲ್ಲಿ ಹೊಸ ನಂಬರಿನ ಒಂದು ದೊಡ್ಡ ರಾಶಿಯಿಂದ ಕಾಳು ಬಂತು. ಬಣ್ಣ ಕೆಂಪಗೆ ಮಿಂಚುತ್ತಿತ್ತು. ಹಾಳೆಯ ಮೇಲೆ ಇಡುವಾಗಲೇ ಬೆರಳಿಗೆ ಎರಡು ಥರದ ಬಣ್ಣ ಹತ್ತಿತು. ಮೇಲೆ ಹೊಸದು, ಅದರ ಕೆಳಗೆ ಹಳೆಯದು. ಎಂಟನೆಯ ದಿನ ಸುರುಳಿ ಬಿಚ್ಚಿದರೆ ಅರ್ಧಕ್ಕರ್ಧ ಕಾಳು ಕೊಳೆತು ಲೋಳೆಯಾಗಿ ಹಾಳೆಗೆ ಅಂಟಿಕೊಂಡಿದ್ದವು. ನಾಲ್ಕು ಸುರುಳಿ ಎಣಿಸಿ ಸರಾಸರಿ ತೆಗೆದೆ. ಮೂವತ್ತೆಂಟು ಬಂತು. ಹಮಾಲರನ್ನು ಕೇಳಿದಾಗ ಗೊತ್ತಾಯಿತು. ಹಿಂದಿನ ಮಳೆಗಾಲದಲ್ಲಿ ಗೋದಾಮಿನ ತಗಡು ಹಾರಿ ನೆನೆದಿದ್ದ ಹಳೇ ಚೀಲಗಳನ್ನೇ ಒಣಗಿಸಿ, ಮತ್ತೆ ಬಣ್ಣ ಹಚ್ಚಿ, ಹೊಸ ಚೀಲಕ್ಕೆ ತುಂಬಿದ್ದರು.

ನಮ್ಮ ಮ್ಯಾನೇಜರ್ ವೈಜನಾಥಪ್ಪನವರು ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ನನಗೆ ಕೆಲಸ ಕೊಟ್ಟವರು ಅವರು. ನನ್ನ ಗಂಡ ಮಿಲಿಂದನ ಟೆಂಪೋವನ್ನು ಕಾರ್ಖಾನೆಗೆ ಹಚ್ಚಿಸಿಕೊಂಡವರು ಅವರು. ಮಗಳು ಹುಟ್ಟುವಾಗ ದವಾಖಾನೆಗೆ ತಮ್ಮ ಗಾಡಿ ಕೊಟ್ಟು ಕಳಿಸಿದವರೂ ಅವರೇ. ಮೂವತ್ತೆಂಟು ನೋಡಿ ಅವರು ಮತ್ತೊಮ್ಮೆ ಮೊಳಕೆಗೆ ಹಚ್ಚು ಅಂದರು. ಹಚ್ಚಿದೆ. ಎಂಟು ದಿನ ಕಾದೆ. ಮೂವತ್ತೈದು ಬಂತು. ಆಗ ಒಳಗೆ ಕರೆದು, ಕುರ್ಚಿಯ ಮೇಲೆ ಕೂಡಿಸಿ, ಚಹಾ ತರಿಸಿದರು. ಹೊಸ ಫಾರ್ಮು, ತಮ್ಮದೇ ಪೆನ್ನು ಮುಂದೆ ಇಟ್ಟರು. ಬೇಸಿಗೆಯ ಸೆಕೆಗೆ ಪೆಟ್ಟಿಗೆ ಕೆಟ್ಟಿರಬೇಕು, ಹೊಲದಲ್ಲಿ ಮಳೆ ಬಿದ್ದರೆ ಎಲ್ಲಾ ಏಳುತ್ತವೆ ಅಂದರು. ಎಪ್ಪತ್ತೆಂಟು ಅಂತ ಬರಿ ಅಂದರು.

ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಕಪ್ಪಿನಲ್ಲಿದ್ದ ಚಹಾ ಆರುವುದರೊಳಗೆ ಎಪ್ಪತ್ತೆಂಟು ಬರೆದು, ಕೆಳಗೆ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಶಾಣ್ಯಾ ಹುಡುಗಿ ಅಂತ ಅವರು ಹೇಳಿದ್ದಕ್ಕೆ ಹೂಂ ಅಂದು ನಕ್ಕೆ ಬೇರೆ. ಆ ನಗೆಗೆ ಬೆಂಕಿ ಹಚ್ಚಬೇಕು.

ಮರುದಿನದಿಂದ ಆ ಚೀಲಗಳು ಹೊರಗೆ ಹೋಗತೊಡಗಿದವು. ಮೊದಲ ಲೋಡು ಒಯ್ದದ್ದು ಮಿಲಿಂದನೇ, ಮಂಠಾಳದ ಒಂದು ಅಂಗಡಿಗೆ. ಎರಡನೆಯದು ಹುಡಗಿ ಅನ್ನುವ ಊರಿಗೆ. ಸಂಜೆ ಅವನಿಗೆ ಎಲ್ಲಾ ಹೇಳಿದೆ. ಮುಂದೆ ಇಟ್ಟ ರೊಟ್ಟಿ ಹಾಗೇ ಬಿಟ್ಟು ಕೂತ. ನೀನು ಬರೆದಿದ್ದೀ, ನಾನು ಒಯ್ದಿದ್ದೇನೆ, ಹಿಡಿದರೆ ಇಬ್ಬರನ್ನೂ ಹಿಡಿಯುತ್ತಾರೆ, ಬಾಯಿ ಮುಚ್ಚಿಕೊಂಡು ಕೂಡು ಅಂದ. ನನಗೂ ಹಾಗೇ ಅನಿಸಿತು. ಅವನು ಹಾಗಂದದ್ದು ಕೇಳಿ ಸಮಾಧಾನವೂ ಆಯಿತು.

ಆದರೆ ಫೋನು ಬಿಡಲಿಲ್ಲ. ಜೂನ್ ಹತ್ತಿರ ಬಂತು, ದುಬಲಗುಂಡಿಯಿಂದ ತುಕಾರಾಮ ಕಾಕಾ ಫೋನ್ ಮಾಡಿದ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನೇ. ಈ ಸಲ ಯಾವ ನಂಬರು ಅಂತ ಕೇಳಿದ. ಪಕ್ಕದ ಮೇಜಿನ ಹತ್ತಿರ ವೈಜನಾಥಪ್ಪನವರು ಕಾಗದ ನೋಡುತ್ತ ನಿಂತಿದ್ದರು. ಎಲ್ಲಾ ಚಲೋ ಅದಾವ ಕಾಕಾ ಅಂದು ಇಟ್ಟುಬಿಟ್ಟೆ. ಆ ವಾರ ಕಾಕಾ ಹುಮನಾಬಾದಿನ ಅಂಗಡಿಗೆ ಹೋಗಿ, ನಮ್ಮ ಕಾರ್ಖಾನೆಯ ಹೆಸರು ನೋಡಿ ಆರು ಚೀಲ ತಂದ. ಚೀಲದ ಮೇಲಿನ ನಂಬರನ್ನು ಫೋನಿನಲ್ಲಿ ಓದಿ ಹೇಳಿದ. ಅದೇ ರಾಶಿ.

ರವಿವಾರ ದುಬಲಗುಂಡಿಗೆ ಹೋದೆ. ಆರೂ ಚೀಲವನ್ನು ಕಾಕಾ ಪಡಸಾಲೆಯಲ್ಲಿ ಹಲಗೆಯ ಮೇಲೆ ಮೆಲ್ಲಗೆ ಒರಗಿಸಿಟ್ಟಿದ್ದ. ನೀನು ಹೇಳಿಕೊಟ್ಟ ಹಾಗೇ ಒಗೆಯದೆ ಇಳಿಸಿದ್ದೇನೆ ನೋಡು ಅಂತ ತೋರಿಸಿದ. ಗೋಣಿಚೀಲದಲ್ಲಿ ಹಾಕಿ ನೋಡಿದಿರೇನು ಅಂತ ನಾನು ಕೇಳಿದೆ. ಕಾಕಾ ನಕ್ಕ.

"ನೀ ಎಣಿಸಿದ ಮ್ಯಾಲ ನಾ ಯಾಕ ಎಣಿಸ್ಲಿ?"

ಅಷ್ಟು ಕೇಳಿಯೂ ಖರೆ ಹೇಳುವ ಧೈರ್ಯ ಬರಲಿಲ್ಲ. ಸುಮ್ಮನೆ ಒಂದು ಸಲ ಹಾಕಿ ನೋಡಿರಿ, ಈ ಸಲ ಸೆಕೆ ಜಾಸ್ತಿ ಅಂತ ಏನೋ ಬಡಬಡಿಸಿ ಬಸ್ಸು ಹಿಡಿದೆ. ಕಾಕಾ ದಡ್ಡನಲ್ಲ. ನನ್ನ ಮುಖ ನೋಡಿಯೇ ಅವನಿಗೆ ತಿಳಿದಿತ್ತು. ಮರುದಿನವೇ ಆರೂ ಚೀಲ ಅಂಗಡಿಗೆ ತಿರುಗಿ ಒಯ್ದು, ನಮ್ಮ ಹುಡುಗಿ ಬ್ಯಾಡ ಅಂದಾಳ, ಬೇರೆ ಕೊಡ್ರಿ ಅಂತ ಸೀದಾ ಹೇಳಿಬಿಟ್ಟ. ತನ್ನ ಮನೆಯ ಹುಡುಗಿಯ ಮಾತಿಗೆ ಅಷ್ಟು ಬೆಲೆ ಇದೆ ಅಂತ ಅಂಗಡಿಯವನಿಗೆ ತೋರಿಸುವ ಹುರುಪು ಅವನಿಗೆ. ಅಂಗಡಿಯವನು ಚೀಲ ಬದಲಿಸಿಕೊಟ್ಟ, ಆಮೇಲೆ ನಮ್ಮ ಮ್ಯಾನೇಜರಿಗೆ ಫೋನ್ ಮಾಡಿದ.

ವೈಜನಾಥಪ್ಪನವರು ಮತ್ತೆ ಕುರ್ಚಿ ತೋರಿಸಿದರು, ಮತ್ತೆ ಚಹಾ ತರಿಸಿದರು. ನನ್ನ ಫಾರ್ಮನ್ನು ತೆಗೆದು ಮೇಜಿನ ಮೇಲಿಟ್ಟು, ಸಹಿಯ ಮೇಲೆ ಬೆರಳಿಟ್ಟರು. ಇದು ಯಾರ ಕೈಬರಹ ಅಂತ ಕೇಳಿದರು. ನಂದೇರಿ ಅಂದೆ. ನೀನು ಬರೆದದ್ದನ್ನು ನಂಬಿ ನಾನು ಮಾರಿದ್ದೇನೆ, ನನಗೇನು ಮೊಳಕೆ ಎಣಿಸಲಿಕ್ಕೆ ಬರುತ್ತದೆಯೇ ಅಂದರು. ಆಮೇಲೆ ಮಗಳು ಓದಲಿಕ್ಕೆ ಯಾವ ಸಾಲಿಗೆ ಹೋಗುತ್ತಾಳೆ ಅಂತ ವಿಚಾರಿಸಿದರು. ನಾನು ಹೊರಡಲು ಎದ್ದಾಗ ಹೇಳಿದರು:

"ಮಿಲಿಂದ ದಿನಾ ಹೈದರಾಬಾದ್ ರೋಡಿನ್ಯಾಗ ಗಾಡಿ ಹೊಡೀತಾನ. ಲಾರಿ ಭಾಳ ಓಡಾಡ್ತಾವ. ಜ್ವಾಕಿ ಇರಲಿಕ್ಕ ಹೇಳವ್ವ."

ಎಷ್ಟು ಮೆತ್ತಗೆ ಹೇಳಿದರು ಅಂದರೆ, ಬೇರೆ ಯಾರಾದರೂ ಕೇಳಿದ್ದರೆ ಎಂಥ ಅಂತಃಕರಣದ ಮನುಷ್ಯ ಅನ್ನುತ್ತಿದ್ದರು. ನನಗೆ ಮಾತ್ರ ಅವರು ಹೇಳಿದ್ದು ತಿಳಿಯಿತು. ಅಂದಿನಿಂದ ಮಿಲಿಂದನ ಫೋನು ಒಂದು ಸಲ ಹತ್ತದಿದ್ದರೂ ಮತ್ತೆ ಮತ್ತೆ ಹಚ್ಚುತ್ತಿದ್ದೆ. ಬಸ್ಸಿನಲ್ಲಿ ಯಾರಾದರೂ ಹಿಂದಿನ ಸೀಟಿನಿಂದ ದಿಟ್ಟಿಸಿದರೆ ಕಾರ್ಖಾನೆಯ ಮನುಷ್ಯನೇ ಅನಿಸುತ್ತಿತ್ತು. ಮಗಳನ್ನು ಸಾಲಿಯಿಂದ ಕರೆತರಲು ಅತ್ತೆಯನ್ನು ಅರ್ಧ ತಾಸು ಮುಂಚೆಯೇ ಕಳಿಸುತ್ತಿದ್ದೆ. ಯಾಕ ಅಂತ ಅವರು ಕೇಳಿದರೆ ಸುಮ್ಮಸುಮ್ಮನೆ ಜಗಳ ತೆಗೆಯುತ್ತಿದ್ದೆ.

ಇನ್ನೊಂದು ಅಂಜಿಕೆ ಆಕಾಶದ್ದು. ಮಿರಗ ಹೊಕ್ಕಿತ್ತು, ಮಳೆ ಇನ್ನೂ ಕೂಡಿ ಬಂದಿರಲಿಲ್ಲ. ಹೊಲಗಳೆಲ್ಲ ಹರಗಿ ತಯಾರಾಗಿದ್ದವು. ಕರೀ ಮಣ್ಣು ಬಾಯಿ ಬಿಟ್ಟು ಕೂತಿತ್ತು. ನಮ್ಮ ಕಡೆ ಒಂದು ದೊಡ್ಡ ಮಳೆ ಬಿದ್ದರೆ ಮುಗಿಯಿತು, ಹಸಿ ಆರುವುದರೊಳಗೆ ಎರಡೇ ದಿನದಲ್ಲಿ ಊರಿಗೆ ಊರೇ ಬಿತ್ತಿ ಮುಗಿಸುತ್ತದೆ. ಬಸ್ಸಿನಲ್ಲಿ ಎಲ್ಲರೂ ಕಿಟಕಿಯಿಂದ ಮೋಡ ನೋಡುತ್ತಿದ್ದರು, ಇಂದು ಬರುತ್ತದೆ ನಾಳೆ ಬರುತ್ತದೆ ಅನ್ನುತ್ತಿದ್ದರು. ನಾನೂ ಮೋಡ ನೋಡುತ್ತಿದ್ದೆ, ಬರಬೇಡ ಅನ್ನುತ್ತಿದ್ದೆ. ಮನೆಯಲ್ಲಿ ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿ ಕೂತಾಗಲೂ ಅದೇ ಮಾತು. ಕೂಲಿ ಮಾಡುವವರ, ಬಿತ್ತುವವರ ಮನೆಯಲ್ಲಿ ಹುಟ್ಟಿದವಳು ನಾನು. ಮಿರಗದಲ್ಲಿ ಮಳೆ ಬೇಡ ಅಂದುಕೊಂಡ ನನ್ನನ್ನು ನೋಡಿ ನನಗೇ ಹೆದರಿಕೆಯಾಯಿತು. ಇಂಥ ಹೆಂಗಸು ನಾನು ಯಾವಾಗ ಆದೆ ಅಂತ ಕೂತು ಅತ್ತುಬಿಟ್ಟೆ.

ಒಂದು ಗುರುವಾರ ಬೆಳಿಗ್ಗೆ ಎದ್ದಾಗ ಬಸವಕಲ್ಯಾಣದ ಮೇಲೆ ಬೆಳಕೇ ಇರಲಿಲ್ಲ. ಕಿಲ್ಲೆಯ ಆಚೆ ಕಡೆ ಮೋಡ ಕಪ್ಪಗೆ ಇಳಿದಿತ್ತು, ಗಾಳಿಯಲ್ಲಿ ಮಣ್ಣಿನ ವಾಸನೆ. ಮಂಠಾಳದ ಕಡೆ ಎರಡು ದಿನದ ಹಿಂದೆಯೇ ಒಂದು ಮಳೆ ಆಗಿದೆ, ಅಲ್ಲಿ ಕೆಲವರು ಬಿತ್ತಿಬಿಟ್ಟರು ಅಂತ ಮಿಲಿಂದ ಹೇಳಿದ. ಅಲ್ಲಿಗೆ ಆ ಚೀಲ ಒಯ್ದವನು ಅವನೇ. ಅವನು ಎದ್ದು ಮೋಟರ್‌ಸೈಕಲ್ ಹೊರಗೆ ತೆಗೆದ.

"ನಡಿ, ನಾ ಬಿಡ್ತೀನಿ," ಅಂದ. ನಾನು ಹಿಂದೆ ಹತ್ತಿ ಕೂತೆ.

ಹುಮನಾಬಾದಿನ ಕೃಷಿ ಕಚೇರಿಯ ಗೇಟಿನವರೆಗೆ ಬಂದು ಅವನು ಹೊರಗೇ ನಿಂತ. ಬೀಡಿ ಹಚ್ಚಲು ಕಡ್ಡಿ ಗೀರಿದ, ಮೂರು ಕಡ್ಡಿ ಹಾಳಾದವು. ನಾನು ಒಳಗೆ ಹೋದೆ. ಬೀಜ ತಪಾಸಣೆ ಮಾಡುವ ಮೇಡಂ ಒಬ್ಬರು ಕೂತಿದ್ದರು, ನನ್ನ ವಯಸ್ಸಿನವರೇ. ಹೆಸರು ಹೇಳದೆ ವಿಷಯ ಮಾತ್ರ ಹೇಳಿ ಓಡಿಬರಬೇಕು ಅಂತ ನನ್ನ ಲೆಕ್ಕ ಇತ್ತು. ಗೆಳತಿಯೊಬ್ಬಳು ಕೆಲಸ ಮಾಡುತ್ತಾಳೆ, ಅವಳು ಹೀಗೆ ಹೇಳಿದಳು ಅಂತ ಶುರು ಮಾಡಿದೆ. ಮೇಡಂ ಪೂರ್ತಿ ಕೇಳಿದರು. ರಾಶಿಯ ನಂಬರು ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು, ಹೆಸರಿಲ್ಲದ ಮಾತಿನ ಮೇಲೆ ಈಗಿಂದೀಗ ಗೋದಾಮಿಗೆ ಬೀಗ ಹಾಕಲಿಕ್ಕೆ ಆಗುವುದಿಲ್ಲ ಅಂದರು. ಸ್ಯಾಂಪಲ್ ತೆಗೆದು, ಕಳಿಸಿ, ಉತ್ತರ ಬರುವವರೆಗೆ ದಿನಗಳು ಹೋಗುತ್ತವೆ. ಎಣಿಸಿದವರೇ ಬರೆದು ಕೊಟ್ಟರೆ ಇವತ್ತೇ ಮಾರಾಟ ನಿಲ್ಲಿಸಬಹುದು. ಕಿಟಕಿಯ ಹೊರಗೆ ಒಂದು ಸಲ ನೋಡಿ, "ನಿಮ್ಮ ಗೆಳತಿಗಿ ಕರ್ಕೊಂಡು ಬರ್ರಿ," ಅಂದರು. ಅವರಿಗೆ ತಿಳಿದಿತ್ತು.

ನಾನು ಎದ್ದೆ. ಬಾಗಿಲವರೆಗೆ ಬಂದೆ ಕೂಡ. ಹೊರಗೆ ಮಿಲಿಂದ ಕಾಣುತ್ತಿದ್ದ, ಅವನ ತಲೆಯ ಮೇಲೆ ಆ ಮೋಡ ಕಾಣುತ್ತಿತ್ತು. ದೂರು ಕೊಡುವುದು ಅಂದರೆ ಬೇರೆಯವರ ತಪ್ಪು ಹೇಳುವುದು ಅಂತ ಇಷ್ಟು ದಿನ ತಿಳಿದಿದ್ದೆ. ಅಲ್ಲಿ ನಿಂತಾಗ ಗೊತ್ತಾಯಿತು, ಈ ಕಾಗದದ ಮೊದಲನೆಯ ಸಾಲಿನಲ್ಲೇ ನನ್ನ ತಪ್ಪು ಬರೆಯಬೇಕು. ಜೈಲು ಅನ್ನುವ ಶಬ್ದ ತಲೆಯಲ್ಲಿ ಗುಂಯ್ ಅನ್ನುತ್ತಿತ್ತು. ಮಗಳು, ಹೈದರಾಬಾದ್ ರೋಡು, ಲಾರಿ, ಎಲ್ಲಾ ಒಮ್ಮೆಲೇ ಕಣ್ಣ ಮುಂದೆ ಬಂದವು. ಧೈರ್ಯ ಬಂದು ತಿರುಗಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಹೊರಗೆ ಹೋಗಲಾಗದೆ ತಿರುಗಿ ಬಂದು ಅದೇ ಕುರ್ಚಿಯಲ್ಲಿ ಕೂತೆ. ಒಂದು ಹಾಳೆ ಕೊಡ್ರಿ ಅಂದೆ. ನಾನು ಎಣಿಸಿದಾಗ ಮೂವತ್ತೆಂಟು, ಎರಡನೆಯ ಸಲ ಮೂವತ್ತೈದು, ಎಪ್ಪತ್ತೆಂಟು ಅಂತ ಸುಳ್ಳು ಬರೆದವಳು ನಾನು, ಅಂತ ಬರೆದೆ. ಅಕ್ಷರ ನನ್ನವೇ ಅಲ್ಲ ಅನ್ನುವಷ್ಟು ಕೆಟ್ಟಿದ್ದವು. ಮೇಡಂ ಒಂದು ಲೋಟ ನೀರು ಕೊಟ್ಟು, ಓದಿ, ಗಾಡಿ ತರಿಸಿದರು.

ಮಧ್ಯಾಹ್ನದೊಳಗೆ ಗೋದಾಮಿಗೆ ಸೀಲು ಬಿತ್ತು, ಅಂಗಡಿಗಳಿಗೆ ಮಾರಬೇಡಿ ಅಂತ ಹುಕುಂ ಹೋಯಿತು. ಊರೂರಿಗೆ ಮೈಕು ಕಟ್ಟಿಕೊಂಡು ಹೋಗಿ ರಾಶಿಯ ನಂಬರು ಕೂಗಿದರು. ಸಂಜೆ ಮಳೆ ಬಂತು, ಎಂಥ ಮಳೆ. ಮರುದಿನ ಹುಡಗಿ, ದುಬಲಗುಂಡಿ, ಎಲ್ಲ ಕಡೆ ಮಂದಿ ಬೇರೆ ಬೀಜ ತಂದು ಬಿತ್ತಿದರು. ನನ್ನ ಕೆಲಸ ಹೋಯಿತು, ಮಿಲಿಂದನ ಟೆಂಪೋದ ಬಾಡಿಗೆ ಹೋಯಿತು. ವಿಚಾರಣೆ ಇನ್ನೂ ನಡೆದಿದೆ, ನಾನೂ ಅದರಲ್ಲಿ ಆರೋಪಿ. ಕರೆದಾಗಲೆಲ್ಲ ಹೋಗುತ್ತೇನೆ. ಅಲ್ಲಿ ವೈಜನಾಥಪ್ಪನವರು ಸಿಕ್ಕರೆ ಅರಾಮ ಇದ್ದೀಯೇನವ್ವ ಅಂತ ಮೆತ್ತಗೆ ಕೇಳುತ್ತಾರೆ. ಅಂದು ಮಿಲಿಂದ ಮನೆ ಮುಟ್ಟುವವರೆಗೆ ಅವನಿಗೆ ಫೋನ್ ಹಚ್ಚುತ್ತಲೇ ಇರುತ್ತೇನೆ.

ಮಂಠಾಳದ ಬಗ್ಗೆ ಹೇಳದೆ ಮುಗಿಸಿಬಿಡಬಹುದಿತ್ತು. ಆದರೆ ಆ ವರ್ಷ ಅಂದರೆ ನನಗೆ ನೆನಪಾಗುವುದು ಅದೇ. ಮೈಕು ಹೋಗುವುದಕ್ಕೆ ಮೊದಲೇ ಅಲ್ಲಿ ಕೆಲವರು ಬಿತ್ತಿ ಆಗಿತ್ತು. ಬಿತ್ತಿದ ಎಂಟು ದಿನಕ್ಕೆ ಮಿಲಿಂದನಿಗೆ ಕರೆದುಕೊಂಡು ಹೋಗು ಅಂದೆ. ಬೇಡ ಅಂದ, ಹೊಡೆದರೆ ಅಂದ. ಆದರೂ ಕರೆದುಕೊಂಡು ಹೋದ. ಊರ ಹೊರಗಿನ ಒಂದು ಹೊಲದಲ್ಲಿ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ಒಬ್ಬಳೇ ಸಾಲಿನುದ್ದಕ್ಕೂ ಬಗ್ಗಿ ಬೆರಳಿನಿಂದ ಮಣ್ಣು ಕೆದರಿ ನೋಡುತ್ತಿದ್ದಳು. ಹೆಸರು ಕಾಶೀಬಾಯಿ ಅಂತ ಆಮೇಲೆ ತಿಳಿಯಿತು. ನಾನು ನೋಡಿದೆ. ಇಲ್ಲೊಂದು ಸಸಿ, ಆಚೆ ನಾಲ್ಕು ಹೆಜ್ಜೆಗೆ ಒಂದು. ನಡುವೆಲ್ಲ ಬರೀ ಕರೀ ಮಣ್ಣು. ನನಗೆ ಎಣಿಸುವ ಅಗತ್ಯವೇ ಬೀಳಲಿಲ್ಲ.

ನಾವು ಕೃಷಿ ಕಚೇರಿಯವರು ಅಂತ ಅವಳು ತಿಳಿದಳು. ಬದುವಿನ ಮೇಲಿದ್ದ ಕೊಡದಿಂದ ನೀರು ಬಗ್ಗಿಸಿ ಕೊಟ್ಟಳು. ಕಾರ್ಖಾನೆಯ ಒಳಗಿನ ಯಾರೋ ಹೆಣ್ಣುಮಗಳು ಧೈರ್ಯ ಮಾಡಿ ಹೇಳಿದಳಂತೆ, ಇಲ್ಲದಿದ್ದರೆ ಇನ್ನೆಷ್ಟು ಮಂದಿ ಹಾಳಾಗುತ್ತಿದ್ದರು, ಅವಳ ಹೊಟ್ಟೆ ತಣ್ಣಗಿರಲಿ ಅಂದಳು. ಮಿಲಿಂದ ನನ್ನ ಮೊಣಕೈ ಹಿಡಿದ, ನಡಿ ಅಂತ. ನೀರಿನ ತಂಬಿಗೆ ನನ್ನ ಕೈಯಲ್ಲೇ ಇತ್ತು. ಆ ನೀರು ಕುಡಿಯಲು ಆಗಲಿಲ್ಲ.

"ಆಯಿ, ಆಕಿ ನಾನ," ಅಂದೆ. "ಚಲೋ ಬೀಜ ಅಂತ ಮದಲ ಸಹಿ ಹಾಕಿದಾಕಿನೂ ನಾನ."

ಅವಳು ಬೈದಿದ್ದರೆ, ಹೊಡೆದಿದ್ದರೆ ಎಷ್ಟೋ ಚಲೋ ಇತ್ತು. ಯಾಕೆ ಹಾಕಿದೆ ಅಂತ ಅವಳು ಕೇಳಲಿಲ್ಲ. ಯಾವಾಗಿನಿಂದ ಗೊತ್ತಿತ್ತು ಅಂತ ಕೇಳಿದಳು. ಒಂದು ತಿಂಗಳಿಂದ ಅಂದೆ. ಅಂಜಿಕೆ ಬಂದಿತ್ತೇನು ಅಂತ ಕೇಳಿದಳು. ಹೌದ್ರಿ ಅಂದೆ.

"ಹೂಂ," ಅಂದಳು ಕಾಶೀಬಾಯಿ. "ಈಗ ನಂಗ ಬಂದದ ನೋಡವ್ವ, ಅಂಜಿಕಿ."

ನನ್ನ ಕೈಯಿಂದ ತಂಬಿಗೆ ಇಸಕೊಂಡು ಕೊಡದ ಮೇಲೆ ಬೋರಲು ಹಾಕಿದಳು. ತಿರುಗಿ ಹೋಗಿ, ಬಿಟ್ಟಿದ್ದ ಸಾಲಿನಲ್ಲಿ ಮತ್ತೆ ಬಗ್ಗಿ ಮಣ್ಣು ಕೆದರತೊಡಗಿದಳು.